ಮೆಕಡೇಮಿಯಾ ಬಳಕೆಯ ಕ್ರಮ: ತುರುವನೂರು ಹೋಬಳಿಯವರಿಗೊಂದು ಕೈಪಿಡಿ

ಪೊಟ್ಟಣ ಬಿಚ್ಚುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿಸಿಕೊಂಡರೂ ಆದೀತು. ಆದರೆ ಓದು ಮುಗಿಯುವ ತನಕ ಪೊಟ್ಟಣ ಬೀರುವಿನಲ್ಲೇ ಇರಲಿ, ಬೀಗದ ಕೈ ಅಜ್ಜಿಯ ಸೊಂಟದಲ್ಲಿರಲಿ. ಕಿಲೋಗೆ ಎರಡೂವರೆ ಸಾವಿರ ರೂಪಾಯಿ ಆಸುಪಾಸಿನ ಪದಾರ್ಥ ಇದು. ಒಬ್ಬೊಬ್ಬರು ಬಂದು ‘ಒಂದೇ ಒಂದು ರುಚಿ ನೋಡಿ’ ಹೋದರೆ ಕೈಪಿಡಿಯ ಅರ್ಧಕ್ಕೆ ಬರುವಷ್ಟರಲ್ಲಿ ಬಳಸಬೇಕಾದ ವಸ್ತುವೇ ಇರುವುದಿಲ್ಲ.

ಯಾರಿಗಾಗಿ

ಬೀಜ ತಿನ್ನುವುದನ್ನು ತುರುವನೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರೆ ಹೊಲದಲ್ಲಿ ಕಡಲೆ, ಕೆಂಪು ಹೊಲದಲ್ಲಿ ಶೇಂಗಾ, ನಡುವೆ ಈರುಳ್ಳಿ, ಮೆಕ್ಕೆಜೋಳ. ಪಕ್ಕದ ಚಳ್ಳಕೆರೆಯಂತೂ ಶೇಂಗಾ ಎಣ್ಣೆಯ ಗಿರಣಿಗಳಿಂದಲೇ ‘ಎರಡನೇ ಮುಂಬಯಿ’ ಅನ್ನಿಸಿಕೊಂಡ ಊರು. ಹಸಿ ಶೇಂಗಾ ಕಿತ್ತು ಮಣ್ಣು ಕೊಡವಿ ತಿಂದದ್ದು, ಬದುವಿನಲ್ಲಿ ಬಳ್ಳಿಸಮೇತ ಸುಟ್ಟು ತಿಂದದ್ದು, ಉಪ್ಪು ಹಾಕಿ ಬೇಯಿಸಿದ್ದು, ಹುರಿದದ್ದು, ಬೆಲ್ಲ ಕೂಡಿಸಿ ಉಂಡೆ ಕಟ್ಟಿದ್ದು, ರೊಟ್ಟಿಗೆ ಹಿಂಡಿಯಾದದ್ದು, ಎಲ್ಲ ಅವಸ್ಥೆಯಲ್ಲೂ ಅದನ್ನು ಕಂಡ ಜನ ನಾವು. ಆದ್ದರಿಂದ ಪೇಟೆಯವರಿಗೆ ಬರೆಯುವ ಹಾಗೆ ‘ಬೀಜ ಎಂದರೇನು’ ಎಂದು ಇಲ್ಲಿ ಶುರು ಮಾಡಿಲ್ಲ.

ಹಾಗಾದರೆ ಕೈಪಿಡಿ ಏಕೆ? ದೀಪಾವಳಿಗೆ ಬೆಂಗಳೂರಿನಿಂದ ಬರುವ ಮಗನೋ ಅಳಿಯನೋ ತನ್ನ ಕಂಪನಿಯವರು ಕೊಟ್ಟ ಬಂಗಾರದ ಬಣ್ಣದ ಡಬ್ಬಿ ತಂದು ನಡುಮನೆಯಲ್ಲಿ ಇಡುತ್ತಾನೆ. ಒಳಗೆ ನಾಲ್ಕು ಖಾನೆ. ಗೋಡಂಬಿ, ಬಾದಾಮಿ, ಪಿಸ್ತಾ ಗುರುತು ಸಿಗುತ್ತವೆ. ನಾಲ್ಕನೆಯದರಲ್ಲಿ ಗೋಲಿಯಷ್ಟು ಗುಂಡಗೆ, ಕೆನೆಬಣ್ಣದ ಏನೋ ಇದೆ. ಎಣಿಸಿದರೆ ಮನೆಮಂದಿಗೆ ತಲಾ ಒಂದು ಸಿಗುವುದು ಕಷ್ಟ. ತಿಂದವರು ‘ಕೊಬ್ಬರಿಗೆ ಬೆಣ್ಣೆ ಸವರಿದ ಹಾಗಿದೆ’ ಅಂತಾರೆ, ಸಿಗದವರು ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯೇ ಮುಂದೆ ಖರ್ಚಿಗೆ ಬರುತ್ತದೆ. ಮುಂದಿನ ಹಬ್ಬದೊಳಗೆ ‘ನಾವೂ ಒಂದಿಷ್ಟು ತರಿಸೋಣ’ ಎಂಬ ಮಾತು ಬಂದೇ ಬರುತ್ತದೆ. ಅಂಥ ಮನೆಗಳಿಗಾಗಿ ಇದು.

ವಸ್ತುವಿನ ಪರಿಚಯ

ಮೆಕಡೇಮಿಯಾ ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮಳೆಕಾಡಿನ ಮರ. ಅಲ್ಲಿನ ಮೂಲನಿವಾಸಿಗಳು ಯಾವ ಕಾಲದಿಂದಲೋ ತಿನ್ನುತ್ತಿದ್ದರು. 1857ರಲ್ಲಿ ಫರ್ಡಿನಾಂಡ್ ಫಾನ್ ಮ್ಯುಲರ್ ಎಂಬ ಸಸ್ಯಶಾಸ್ತ್ರಜ್ಞ ತನ್ನ ಪರಿಚಯದ ಜಾನ್ ಮ್ಯಾಕಡಮ್ ಎಂಬ ವೈದ್ಯರ ಹೆಸರನ್ನು ಅದಕ್ಕೆ ಇಟ್ಟ. ಮರಕ್ಕೆ ತಲೆಮಾರುಗಳಿಂದ ನೀರು ಹೊತ್ತವರು ಯಾರೋ, ಪಟ್ಟಾ ಯಾರ ಹೆಸರಿಗೋ. ಇದು ನಮ್ಮ ಕಡೆ ಹೊಸದಾಗಿ ವಿವರಿಸಬೇಕಾದ ಸಂಗತಿಯಲ್ಲ.

ಬ್ರಿಸ್ಬೇನಿನ ಸಸ್ಯೋದ್ಯಾನದ ಮುಖ್ಯಸ್ಥನಾಗಿದ್ದ ವಾಲ್ಟರ್ ಹಿಲ್ ಇದನ್ನು ವಿಷದ ಕಾಯಿ ಎಂದೇ ತಿಳಿದಿದ್ದನಂತೆ. ಮೊಳಕೆ ಬರಿಸಲು ಕರಟ ಒಡೆದುಕೊಡು ಎಂದು ಕೈಕೆಳಗಿನ ಹುಡುಗನಿಗೆ ಹೇಳಿ, ಕಬ್ಬಿಣದ ವೈಸಿಗೆ ಕಾಯಿ ಕೊಟ್ಟು ಹೋದ. ವಾಪಸ್ಸು ಬಂದಾಗ ಹುಡುಗ ಬಾಯಾಡಿಸುತ್ತಿದ್ದ. ಹುಡುಗ ಸಾಯಲಿಲ್ಲ, ಹಿಲ್‌ ಸಾಹೇಬ ತಾನೂ ತಿಂದ. ಹೀಗೊಂದು ಕಥೆ ಅಲ್ಲಿನವರು ಹೇಳುತ್ತಾರೆ. ನಿಜವೋ ಸುಳ್ಳೋ, ಕೂಲಿಗೆ ಸುಲಿಯಲು ಕೊಟ್ಟ ಬೀಜದಲ್ಲಿ ಸುಲಿಯುವವರ ಬಾಯಿಗೂ ಒಂದು ಪಾಲಿರುತ್ತದೆ ಎನ್ನುವುದು ಬಿತ್ತನೆ ಶೇಂಗಾ ಸುಲಿಸಿದ ಎಲ್ಲ ರೈತರಿಗೂ ಗೊತ್ತು.

1880ರ ದಶಕದಲ್ಲಿ ಮರ ಹವಾಯಿಗೆ ಹೋಯಿತು, ಅಲ್ಲಿ ತೋಟವಾಯಿತು, ಕಾರ್ಖಾನೆಯಾಯಿತು. ಈಚಿನ ವರ್ಷಗಳಲ್ಲಿ ದಕ್ಷಿಣ ಆಫ್ರಿಕಾ ಎಲ್ಲರಿಗಿಂತ ಹೆಚ್ಚು ಬೆಳೆಯುತ್ತಿದೆ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲೂ ಕೆಲವರು ಗಿಡ ನೆಟ್ಟು ಕಾಯುತ್ತಿದ್ದಾರೆ.

‘ಪರದೇಶಿ ಬೀಜ’ ಎಂದು ಮೂಗು ಮುರಿಯುವ ಹಿರಿಯರು ಮನೆಯಲ್ಲಿದ್ದರೆ ಈ ವಾಕ್ಯವನ್ನು ಅವರಿಗೆ ಎರಡು ಸಲ ಓದಿ ಹೇಳಿ: ಶೇಂಗಾ ಕೂಡ ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದದ್ದೇ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ಸೋಪಿನ ಕಾರ್ಖಾನೆಗಳಿಗೆ ಎಣ್ಣೆ ಬೇಕಾಗಿ ಮದರಾಸು, ಪಾಂಡಿಚೇರಿ ಕಡೆ ಶೇಂಗಾ ಬೆಳೆ ಹಬ್ಬಿತು. ನಮ್ಮ ಮುತ್ತಜ್ಜನ ಕಾಲಕ್ಕೆ ಅದೂ ಊರಿಗೆ ಹೊಸಬನೇ ಇದ್ದಿರಬೇಕು.

ಬಜೆಟ್

ಕೈಪಿಡಿಯ ಈ ಭಾಗವನ್ನು ಕಾಗದ ಪೆನ್ನು ಹಿಡಿದು ಓದಿ.

2025-26ರ ಮುಂಗಾರಿಗೆ ಶೇಂಗಾಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ, ಅಂದರೆ ಕಿಲೋ ಕಾಯಿಗೆ 72 ರೂಪಾಯಿ 63 ಪೈಸೆ. ಯಾರ್ಡಿನಲ್ಲಿ ಅಷ್ಟು ಸಿಕ್ಕಿತು ಎಂದೇ ಹಿಡಿಯೋಣ, ಕೈಪಿಡಿಗಳಲ್ಲಿ ಇಂಥ ಉದಾರತೆ ಇರಬೇಕು. ಎರಡೂವರೆ ಸಾವಿರ ರೂಪಾಯಿಯ ಒಂದು ಕಿಲೋ ಮೆಕಡೇಮಿಯಾಕ್ಕೆ 34 ಕಿಲೋಗಿಂತ ಹೆಚ್ಚು ಶೇಂಗಾ ಕಾಯಿ ಮಾರಬೇಕು. ಹೆಚ್ಚುಕಡಿಮೆ ಒಂದು ಗೋಣಿಚೀಲ ಕೊಟ್ಟು ಒಂದು ಡಬ್ಬಿ ತಂದಂತಾಯಿತು. ಉಳುಮೆ, ಬೀಜ, ಕಳೆ, ಕಟಾವು, ಬಾಡಿಗೆ, ಹಮಾಲಿ ಎಲ್ಲ ಕಳೆದು ಲಾಭದ ದುಡ್ಡಿನಲ್ಲೇ ಕೊಳ್ಳುತ್ತೇನೆ ಎಂದು ಹಟ ಹಿಡಿದರೆ ಎಷ್ಟು ಚೀಲ ಎಂಬ ಲೆಕ್ಕ ಇಲ್ಲಿ ಕೊಟ್ಟಿಲ್ಲ. ಕೆಲವು ವರ್ಷ ಆ ಲೆಕ್ಕಕ್ಕೆ ಉತ್ತರವೇ ಬರುವುದಿಲ್ಲ.

ಆದ್ದರಿಂದ ಕಿಲೋ ಮರೆತುಬಿಡಿ, ನೂರು ಗ್ರಾಂ ಹಿಡಿಯಿರಿ. ನೂರು ಗ್ರಾಂಗೆ ಇನ್ನೂರೈವತ್ತು ರೂಪಾಯಿ. ಬೀಜವೊಂದು ಎರಡೂವರೆ ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ನಲವತ್ತು ಬೀಜ, ಒಂದೊಂದಕ್ಕೂ ಆರೂಕಾಲು ರೂಪಾಯಿ. ಶೇಂಗಾವನ್ನು ನಾವು ಸೇರಿನಲ್ಲಿ ಅಳೆದೆವು, ಹಿಡಿಯಲ್ಲಿ ತಿಂದೆವು, ಎಣಿಸಿ ಮಾತ್ರ ತಿಂದವರಲ್ಲ. ಮೆಕಡೇಮಿಯಾ ತಿನ್ನುವವರು ಮೊದಲು ಕಲಿಯಬೇಕಾದ ವಿದ್ಯೆ ಎಣಿಸುವುದು.

ಇಲ್ಲಿ ಒಂದು ಅಡ್ಡದಾರಿ ಇದೆ, ಅದು ಮೋಸದ ದಾರಿ ಅಲ್ಲ. ಮೆಕಡೇಮಿಯಾ ಬೀಜವನ್ನು ವ್ಯಾಪಾರದಲ್ಲಿ ಸೊನ್ನೆಯಿಂದ ಎಂಟರವರೆಗಿನ ದರ್ಜೆಗಳಲ್ಲಿ ವಿಂಗಡಿಸುತ್ತಾರೆ. ಸೊನ್ನೆ ಎಂದರೆ ದಪ್ಪನೆಯ ಇಡೀ ಬೀಜ. ಅಂಕಿ ಏರಿದಂತೆ ಅರ್ಧ ಹೋಳು, ಚೂರು, ಕೊನೆಗೆ ಬರೀ ನುಚ್ಚು. ಬೆಲೆ ಅದೇ ಕ್ರಮದಲ್ಲಿ ಇಳಿಯುತ್ತದೆ, ರುಚಿ ಇಳಿಯುವುದಿಲ್ಲ. ಮದುವೆ ಅಡುಗೆಯವರು ಪಾಯಸಕ್ಕೆ ಇಡೀ ಗೋಡಂಬಿ ಬರೆಸಿ ಉಪ್ಪಿಟ್ಟಿಗೆ ಚೂರು ಬರೆಸುವುದನ್ನು ಕಂಡವರು ಇದನ್ನು ಬೇಗ ಹಿಡಿಯುತ್ತಾರೆ. ತಿನ್ನಲು ಬೇಕಾದರೆ ಹೋಳು ಕೊಳ್ಳಿ. ತೋರಿಸಲು ಬೇಕಾದರೆ ಇಡೀ ಬೀಜ ಕೊಳ್ಳಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಸಾಧಿಸುವವರು ತಳಕ್ಕೆ ಹೋಳು, ಮೇಲೆ ಇಡೀ ಬೀಜ ಜೋಡಿಸುತ್ತಾರೆ. ಟೊಮೆಟೊ ಬುಟ್ಟಿ ಕಟ್ಟಿದ ಅನುಭವವಿದ್ದವರಿಗೆ ಇದರ ವಿವರಣೆ ಬೇಡ.

ಕರಟಸಮೇತ ಸಿಗುವ ಕಾಯಿ ಅಗ್ಗ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಇಲ್ಲಿಯೇ ಪೇಟೆಯವರು ಬೀಳುವುದು, ನೀವು ಬೀಳಬಾರದು. ನೂರು ಕಿಲೋ ಶೇಂಗಾ ಕಾಯಿ ಸುಲಿದರೆ ಒಳ್ಳೆಯ ವರ್ಷ ಎಪ್ಪತ್ತು ಕಿಲೋ ಕಾಳು ಬೀಳುತ್ತದೆ. ಮೆಕಡೇಮಿಯಾ ಕರಟ ದಪ್ಪ, ನೂರು ಕಿಲೋಗೆ ಮೂವತ್ತು, ಮೂವತ್ತೈದು ಬಿದ್ದರೆ ಹೆಚ್ಚು. ಕಾಯಿ ಕಿಲೋಗೆ 1,200 ರೂಪಾಯಿ ಎಂದು ಬೋರ್ಡು ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ಮೂರರಲ್ಲಿ ಒಂದು ಪಾಲು ಬೀಜ, ಅಂದರೆ ಬೀಜದ ಬೆಲೆ ಕಿಲೋಗೆ 3,600. ಸುಲಿದ ಬೀಜ ಪಕ್ಕದ ಡಬ್ಬಿಯಲ್ಲೇ ಎರಡೂವರೆ ಸಾವಿರಕ್ಕೆ ಕೂತಿರುತ್ತದೆ. ಬೋರ್ಡಿನ ಕಡಿಮೆ ಅಂಕಿಯಲ್ಲಿ ನೀವು ಕೊಳ್ಳುತ್ತಿರುವುದು ಮೂರರಲ್ಲಿ ಎರಡು ಪಾಲು ಸೌದೆ.

ಕೊಳ್ಳುವುದು

ತುರುವನೂರಿನ ಸಂತೆಯಲ್ಲಿ ಇದು ಸಿಗುವುದಿಲ್ಲ, ಕೇಳಲು ಹೋಗಬೇಡಿ. ಮಂಡಕ್ಕಿ ಮಾರುವವರು ಒಂದು ವರ್ಷ ಅದೇ ಹೆಸರಿನಿಂದ ನಿಮ್ಮನ್ನು ಕರೆಯುತ್ತಾರೆ. ಚಿತ್ರದುರ್ಗದ ದೊಡ್ಡ ದಿನಸಿ ಅಂಗಡಿಗಳಲ್ಲಿ ವಿಚಾರಿಸಬಹುದು. ಬೆಂಗಳೂರಿಗೆ ಹೋಗುವವರಿದ್ದರೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಒಣಹಣ್ಣಿನ ಅಂಗಡಿ ಸಾಲು ಇದೆ. ಉಳಿದವರು ಮೊಬೈಲಿನಲ್ಲಿ ಒತ್ತುತ್ತಾರೆ.

ಎಲ್ಲಿ ಕೊಂಡರೂ ಒಂದು ವಿಷಯ ಮನಸ್ಸಿಗೆ ಬರದೆ ಇರುವುದಿಲ್ಲ. ಕೈಪಿಡಿಗೆ ಸ್ವಲ್ಪ ಹೊರತಾದರೂ ಬರೆಯುತ್ತೇನೆ.

ನೀವು ಯಾರ್ಡಿನಲ್ಲಿ ಶೇಂಗಾ ರಾಶಿ ಸುರಿದು ನಿಂತಾಗ ಏನಾಗುತ್ತದೆ? ಖರೀದಿದಾರ ಬರುತ್ತಾನೆ. ರಾಶಿಯ ಮೇಲಿನದನ್ನು ಮುಟ್ಟುವುದಿಲ್ಲ. ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ತೂರಿಸಿ ಒಂದು ಹಿಡಿ ಎಳೆಯುತ್ತಾನೆ. ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ: ಗಲಗಲ ಅಂದರೆ ಒಣಗಿದೆ, ಸದ್ದಿಲ್ಲದಿದ್ದರೆ ಹಸಿ ಇದೆ. ಹೆಬ್ಬೆರಳಲ್ಲಿ ಪಟ್ಟನೆ ಒಡೆದು ಕಾಳು ಉಜ್ಜುತ್ತಾನೆ. ಜೊಳ್ಳು ಎಷ್ಟು, ಸುಕ್ಕು ಕಾಳು ಎಷ್ಟು, ಬೂಸ್ಟು ಹಿಡಿದದ್ದು ಎಷ್ಟು, ಒಂದು ನೋಟಕ್ಕೆ ಲೆಕ್ಕ. ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದು, ಪಕ್ಕಕ್ಕೆ ಉಗಿದು, ಮುಖ ಹುಳ್ಳಗೆ ಮಾಡಿ ದರ ಹೇಳುತ್ತಾನೆ. ಇನ್ನೂ ಅನುಮಾನವಿದ್ದರೆ ಒಂದಿಷ್ಟು ಕಾಯಿ ತೂಗಿ, ಸುಲಿದು, ಕಾಳು ತೂಗಿ ಇಳುವರಿ ತೆಗೆಯುತ್ತಾನೆ. ಕೈಯಲ್ಲಿ ಉಳಿದ ಕಾಳು ಜೇಬಿಗೆ ಹೋಗುತ್ತದೆ. ನಾಲ್ಕು ತಿಂಗಳು ಬೆಳೆದವನು ಎದುರಿಗೆ ಕೈಕಟ್ಟಿ ನಿಂತಿರುತ್ತಾನೆ.

ಈಗ ನೀವೇ ಖರೀದಿದಾರರು. ಅಂಗಡಿಗೆ ಹೋಗಿ. ಪೊಟ್ಟಣದ ನಾಲ್ಕೂ ಅಂಚಿಗೆ ಬೆಸುಗೆ. ಒಳಗೆ ಕೈ ತೂರಿಸುವಂತಿಲ್ಲ, ಅಲ್ಲಾಡಿಸಿದರೆ ಗಾಳಿ ತುಂಬಿದ ಸದ್ದು, ಅಗಿದು ಉಗಿಯುವ ಮಾತು ದೂರ ಉಳಿಯಿತು. ದರ ಮೊದಲೇ ಅಚ್ಚಾಗಿದೆ. ಬೀಜ ಮಾರುವಾಗಲೂ ದರ ಹೇಳುವವನು ಎದುರಿನವನೇ, ಕೊಳ್ಳುವಾಗಲೂ ಎದುರಿನವನೇ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತೀಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದಲ್ಲ, ಅಲ್ಲಿ ಒಂದು ರಾಶಿಯಿಂದ ಇನ್ನೊಂದು ರಾಶಿಗೆ ರುಚಿ ನೋಡುತ್ತಲೇ ಹೋಗಿ ಹೊಟ್ಟೆ ತುಂಬಿಸಿಕೊಂಡು ಕಾಲು ಕಿಲೋ ಕೊಂಡು ಬರುವವರಿದ್ದಾರೆ. ಅದೇ ಜನ ಮಾಲ್‌ನಲ್ಲಿ ಮುಚ್ಚಿದ ಪೊಟ್ಟಣವನ್ನು ತುಟಿಪಿಟಕ್ಕೆನ್ನದೆ ಬಂಡಿಗೆ ಹಾಕಿಕೊಳ್ಳುತ್ತಾರೆ.

ಆದರೂ ಮಾಡಬಹುದಾದ ಕೆಲಸ ಇದೆ. ಪೊಟ್ಟಣದ ಮೇಲಿನ ತಾರೀಖು ನೋಡಿ. ಕಿಟಕಿಯಿದ್ದರೆ ಬಣ್ಣ ನೋಡಿ: ಕೆನೆಬಣ್ಣ ಒಳ್ಳೆಯದು, ಕಂದು ಕಲೆ ಅಥವಾ ಹಳದಿ ಜಿಡ್ಡು ಕಂಡರೆ ಬೇಡ. ಬಿಡಿ ಮಾರುವ ಅಂಗಡಿಯಾದರೆ ಯಾರ್ಡಿನ ಖರೀದಿದಾರನನ್ನು ನೆನೆಸಿಕೊಂಡು ಡಬ್ಬಿಯ ತಳದಿಂದ ಒಂದು ಬೀಜ ಕೇಳಿ. ಕೊಡುವುದಿಲ್ಲ ಎಂದರೆ ಅವರ ಹಾಗೆಯೇ ಮುಖ ಹುಳ್ಳಗೆ ಮಾಡಿ ಮುಂದಿನ ಅಂಗಡಿಗೆ ನಡೆಯಿರಿ. ಮೊದಲ ಸಲ ನಾಚಿಕೆಯಾಗುತ್ತದೆ, ಆಮೇಲೆ ಚಟವಾಗುತ್ತದೆ. ಬಾಯಿಗೆ ಹಾಕಿದಾಗ ಹಳೇ ಪೇಂಟಿನ ಕಮಟು ಬಂದರೆ ದರ ಎಷ್ಟೇ ಇಳಿಸಿದರೂ ಬೇಡ. ಕಮಟು ಎಣ್ಣೆಯ ವಾಸನೆಗೆ ನಮ್ಮ ಮೂಗಿನಷ್ಟು ಪಳಗಿದ ಮೂಗು ಇನ್ನೊಂದಿಲ್ಲ.

ಮನೆಗೆ ತಂದ ಮೇಲೆ ಪರೀಕ್ಷೆ

ಬಿತ್ತನೆಗೆ ಮೊದಲು ನೀರಿನಲ್ಲಿ ಬೀಜ ಹಾಕಿ ತೇಲಿದ್ದನ್ನು ಜೊಳ್ಳು ಎಂದು ಚೆಲ್ಲುವುದು ನಮಗೆ ರೂಢಿ. ಮೆಕಡೇಮಿಯಾದಲ್ಲಿ ಪದ್ಧತಿ ತಲೆಕೆಳಗು. ಚೆನ್ನಾಗಿ ಬಲಿತ ಬೀಜದಲ್ಲಿ ಶೇಕಡಾ 72ಕ್ಕಿಂತ ಹೆಚ್ಚು ಎಣ್ಣೆ ಇರುತ್ತದೆ, ಎಣ್ಣೆ ನೀರಿಗಿಂತ ಹಗುರ, ಆದ್ದರಿಂದ ಒಳ್ಳೆಯ ಬೀಜ ತೇಲುತ್ತದೆ, ಎಳೆಯದು ಮುಳುಗುತ್ತದೆ. ಕಾರ್ಖಾನೆಗಳಲ್ಲೂ ಒಂದನೇ ದರ್ಜೆ ಗುರುತಿಸುವ ಹಳೆಯ ಕ್ರಮ ಇದೇ. ಚೊಂಬಿನಲ್ಲಿ ನೀರು ತುಂಬಿ ನಾಲ್ಕು ಹಸಿ ಬೀಜ ಬಿಡಿ, ನೋಡಿದ ತಕ್ಷಣ ತೆಗೆದು ಬಟ್ಟೆಯಲ್ಲಿ ಒರೆಸಿ, ನೆನೆಯಲು ಬಿಡಬೇಡಿ. ಈ ಪರೀಕ್ಷೆ ನಡೆಯುವಾಗ ಮನೆಯ ಹಿರಿಯರು ಹೊರಗೆ ಹೋಗಿರುವಂತೆ ನೋಡಿಕೊಳ್ಳಿ. ಅಭ್ಯಾಸಬಲದಿಂದ ತೇಲಿದ್ದನ್ನೆಲ್ಲ ಎತ್ತಿ ಕೋಳಿಗೆ ಎರಚಿಬಿಟ್ಟಾರು. ಕೋಳಿಗೆ ಒಂದು ಗುಟುಕಿಗೆ ಆರೂಕಾಲು ರೂಪಾಯಿ.

ಒಡೆಯುವ ಕ್ರಮ

ಲೆಕ್ಕ ಹಾಕಿಯೂ ಕರಟದ ಕಾಯಿಯನ್ನೇ ತಂದವರು ಈ ಭಾಗ ಓದಿ. ಉಳಿದವರು ಹುರಿಯುವುದಕ್ಕೆ ಹೋಗಿ.

ಜಗತ್ತಿನ ಅತಿ ಗಟ್ಟಿ ಕರಟಗಳಲ್ಲಿ ಇದೂ ಒಂದು. ಅಂಗಡಿಯಲ್ಲಿ ಸಿಗುವ ಕಾಯಿಗೆ ಸಾಮಾನ್ಯವಾಗಿ ಗರಗಸದಿಂದ ಒಂದು ಸೀಳು ಹಾಕಿರುತ್ತಾರೆ, ಪೊಟ್ಟಣದೊಳಗೆ ಒಂದು ಚಪ್ಪಟೆ ತಗಡಿನ ಕೀಲಿ ಇರುತ್ತದೆ. ಸೀಳಿಗೆ ಕೀಲಿ ಕೊಟ್ಟು ತಿರುವಿದರೆ ಕರಟ ಟಪ್ಪೆಂದು ಎರಡಾಗುತ್ತದೆ. ಬೀಜಕ್ಕೆ ಕೀಲಿ ಬೇಕು ಎಂಬುದನ್ನು ಮನೆಯವರಿಗೆ ನಂಬಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಸೀಳಿದ ಕಾಯಿಗೆ ಗಾಳಿ ಸೋಕಿರುವುದರಿಂದ ಬೇಗ ಕಮಟಾಗುತ್ತದೆ, ಬೇಸಗೆಯವರೆಗೆ ಇಟ್ಟುಕೊಂಡು ಕೂರಬೇಡಿ. ಶೇಂಗಾವನ್ನು ಸುಲಿಯದೆ ಕಾಯಿಯಲ್ಲೇ ಮೂಟೆ ಹಾಕಿ ಇಡುತ್ತೇವಲ್ಲ, ಆ ಧೈರ್ಯ ಇಲ್ಲಿ ಬೇಡ.

ಸೀಳಿಲ್ಲದ ಕಾಯಿಯನ್ನು ಕೊಡಗಿನ ಕಡೆಯ ನೆಂಟರು ಚೀಲದಲ್ಲಿ ಕಟ್ಟಿ ಕೊಟ್ಟಿದ್ದರೆ ಕಥೆ ಬೇರೆ. ಮೊದಲು ನೆರಳಲ್ಲಿ ವಾರಗಟ್ಟಲೆ ಒಣಗಿಸಿ. ಬೀಜ ಒಣಗಿ ಕುಗ್ಗಿ ಕರಟದಿಂದ ಬಿಟ್ಟುಕೊಂಡರೆ ಇಡಿಯಾಗಿ ಬರುತ್ತದೆ, ಹಸಿಯಿದ್ದಾಗ ಹೊಡೆದರೆ ಕರಟಕ್ಕೆ ಅಂಟಿಕೊಂಡೇ ಪುಡಿಯಾಗುತ್ತದೆ. ಆಮೇಲೆ ಆಯುಧದ ಪ್ರಶ್ನೆ.

ಹಲ್ಲು: ಬೇಡ. ಹುಣಸೆ ಬೀಜ ಕಡಿದು ಹೆಸರು ಮಾಡಿದವರೂ ಬೇಡ. ಅಡಕತ್ತಿ: ಭೀಮಸಮುದ್ರದ ಅಡಿಕೆಗೆ ಹೇಳಿ ಮಾಡಿಸಿದ್ದು, ಇದಕ್ಕೆ ಹಚ್ಚಿದರೆ ಬಾಯಿ ಮುರಿಯುತ್ತದೆ, ಅಜ್ಜಿ ಮಾತು ಬಿಡುತ್ತಾರೆ. ಬಾಗಿಲ ಸಂದಿ: ಬಾದಾಮಿ, ಅಕ್ರೋಟು ಇಟ್ಟು ಬಾಗಿಲು ಹಾಕಿ ಒಡೆದವರ ಧೈರ್ಯ ಇಲ್ಲಿ ನಡೆಯುವುದಿಲ್ಲ, ಸಾಗುವಾನಿ ಬಾಗಿಲಿನ ಬಿಜಾಗರಿ ಸಡಿಲವಾದರೆ ಬಡಗಿಯ ಕೂಲಿ ಮೆಕಡೇಮಿಯಾ ಬಜೆಟ್ಟಿಗೆ ಸೇರುತ್ತದೆ. ಒನಕೆ: ಓಬವ್ವನ ಜಿಲ್ಲೆಯವರೆಂದು ಹುಮ್ಮಸ್ಸು ಬರುವುದು ಸಹಜ, ಆದರೆ ಗುಂಡನೆಯ ಕಾಯಿ ಏಟು ತಪ್ಪಿಸಿಕೊಂಡು ಹಾರುತ್ತದೆ, ಎದುರಿಗಿದ್ದವರ ಹಣೆ ನೋಡಿಕೊಳ್ಳಬೇಕು. ಗುಂಡುಕಲ್ಲು: ನಡೆಯುತ್ತದೆ. ಚಪ್ಪಡಿಯಲ್ಲಿ ಒಂದು ಕುಳಿ ಹುಡುಕಿ ಕಾಯಿ ಕೂರಿಸಿ, ಮೇಲೆ ಹಳೇ ಪಂಚೆಯ ತುಂಡು ಹಾಕಿ, ಒಂದೇ ಏಟು. ಎರಡನೇ ಏಟಿಗೆ ಬೀಜ ಹಿಟ್ಟಾಗಿರುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಟ್ರ್ಯಾಕ್ಟರ್ ರಿಪೇರಿ ಅಂಗಡಿಯ ಬೆಂಚ್ ವೈಸು. ವಾಲ್ಟರ್ ಹಿಲ್ಲನ ಹುಡುಗ ಬಳಸಿದ್ದೂ ಇದನ್ನೇ ಅಂತಾರಲ್ಲ. ಕಾಯಿಯನ್ನು ಬಾಯಿಗೆ ಕೊಟ್ಟು ಹಿಡಿಕೆಯನ್ನು ಮೆಲ್ಲಗೆ ತಿರುವುತ್ತಾ ಹೋದರೆ ಇಡೀ ಬೀಜ ಸಿಗುತ್ತದೆ. ಅಂಗಡಿಯವರಿಗೆ ಕೂಲಿಯಾಗಿ ಎಷ್ಟು ಬೀಜ ಕೊಡಬೇಕು ಎಂಬುದನ್ನು ಮುಂಚೆಯೇ ಮಾತಾಡಿಕೊಳ್ಳಿ. ಅಲ್ಲಿ ಸುಮ್ಮನೆ ಕೂತ ನಾಲ್ಕು ಜನರಿಗೂ ಕೈ ನೀಡಬೇಕಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ಇಷ್ಟು ಪಾಡು ಪಡುವಾಗ ರೋಹಿಣಿ ಮಳೆಗೆ ಮುಂಚೆ ಜಗಲಿ ಮೇಲೆ ಕೂತು ಬಿತ್ತನೆ ಶೇಂಗಾ ಸುಲಿಯುವ ಹೆಂಗಸರ ಬೆರಳು ನೆನಪಿಗೆ ಬಂದರೆ ಬರಲಿ. ಯಂತ್ರಕ್ಕೆ ಕೊಟ್ಟರೆ ಕಾಳಿನ ಸಿಪ್ಪೆ ಗೀರಿ ಮೊಳಕೆ ಕೆಡುತ್ತದೆಂದು ಬಿತ್ತನೆ ಬೀಜವನ್ನು ಕೈಯಲ್ಲೇ ಸುಲಿಸುವುದು. ಹೆಬ್ಬೆರಳು ಊದಿ ಸಂಜೆ ಮುದ್ದೆ ಮುರಿಯಲಾರದೆ ಕೂತವರಿದ್ದಾರೆ. ಅವರಿಗೆ ಯಾವ ಪೊಟ್ಟಣದಲ್ಲೂ ಕೀಲಿ ಬಂದದ್ದಿಲ್ಲ.

ಹುರಿಯುವುದು

ಶೇಂಗಾ ಹುರಿಯುವ ಕೈಗೆ ಇಲ್ಲಿ ಅಪಾಯವಿದೆ. ಶೇಂಗಾ ಚಟಪಟ ಎಂದು ತಾನೇ ಹೇಳುತ್ತದೆ, ಸಿಪ್ಪೆ ಉಜ್ಜಿದರೆ ಉದುರುತ್ತದೆ, ವಾಸನೆ ಓಣಿಗೆಲ್ಲ ಗೊತ್ತಾಗುತ್ತದೆ. ಮೆಕಡೇಮಿಯಾಕ್ಕೆ ಮೇಲುಸಿಪ್ಪೆ ಇಲ್ಲ, ಸದ್ದು ಇಲ್ಲ. ಎಣ್ಣೆ ಜಾಸ್ತಿ ಇರುವುದರಿಂದ ಕಣ್ಣು ಆಚೀಚೆ ಮಾಡುವಷ್ಟರಲ್ಲಿ ಕರಕಲಾಗುತ್ತದೆ. ದಪ್ಪ ತಳದ ಬಾಣಲೆ, ತೀರಾ ಸಣ್ಣ ಉರಿ, ಎಣ್ಣೆ ಹಾಕುವುದು ಬೇಡ. ಸೌಟು ಆಡಿಸುತ್ತಲೇ ಇರಬೇಕು. ತಿಳಿ ಗೋಧಿ ಬಣ್ಣಕ್ಕೆ ತಿರುಗುತ್ತಿದ್ದಂತೆ ಇಳಿಸಿ ತಟ್ಟೆಗೆ ಹರವಿ, ಇಳಿಸಿದ ಮೇಲೂ ಬಣ್ಣ ಏರುತ್ತದೆ. ಮಂಡಕ್ಕಿ ಭಟ್ಟಿಯ ಕಾದ ಮರಳಿಗೆ ಹಾಕಿ ಒಂದು ನಿಮಿಷದಲ್ಲಿ ತೆಗೆಯೋಣ ಎಂಬ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಆ ಮರಳಿನ ಶಾಖಕ್ಕೆ ಇದು ಅರೆಕ್ಷಣವೂ ತಡೆಯುವುದಿಲ್ಲ. ಉಪ್ಪು ಬೇಕಾದರೆ ಉಪ್ಪುನೀರು ಚಿಮುಕಿಸಿ ಮತ್ತೆ ಬಾಣಲೆಗೆ ಹಾಕಿ ಒಣಗಿಸಿ. ಖಾರದ ಪುಡಿ ಹಾಕಿದರೆ ಶೇಂಗಾದ ರುಚಿಯೇ ಬರುತ್ತದೆ, ಆಗ ಕೊಟ್ಟ ದುಡ್ಡಿಗೆ ಅರ್ಥವಿಲ್ಲ.

ಮನೆಮಂದಿಗೆ ಹಂಚುವುದು

ನೂರು ಗ್ರಾಂ ಪೊಟ್ಟಣದ ನಲವತ್ತು ಬೀಜವನ್ನು ದೊಡ್ಡ ಮನೆಯಲ್ಲಿ ಹಂಚುವ ವಿಧಾನಗಳು ಹಲವು. ಸಂಕ್ರಾಂತಿಯ ಎಳ್ಳು-ಬೆಲ್ಲಕ್ಕೆ ಸಣ್ಣಗೆ ಹೆಚ್ಚಿ ಬೆರೆಸುವುದು ಎಲ್ಲಕ್ಕಿಂತ ಲಾಭದ್ದು. ಶೇಂಗಾ, ಕೊಬ್ಬರಿ, ಹುರಿಗಡಲೆ ನಡುವೆ ಒಂದೊಂದು ಪೊಟ್ಟಣಕ್ಕೆ ನಾಲ್ಕು ಚೂರು ಬಿದ್ದರೂ ಸಾಕು, ತೆಗೆದುಕೊಂಡವರು ಇದೇನೆಂದು ಕೇಳುತ್ತಾರೆ, ನೀವು ಹೇಳುತ್ತೀರಿ. ಕೇಳದೆ ತಿಂದು ‘ಕೊಬ್ಬರಿ ಚೆನ್ನಾಗಿತ್ತು’ ಎಂದವರಿಗೆ ಏನೂ ಹೇಳಬೇಡಿ. ಅವರ ಮಾತಿನಲ್ಲಿ ತಪ್ಪಿಲ್ಲ. ಹೊಸದುರ್ಗದ ತೆಂಗಿನ ತೋಟಗಳ ಒಣ ಕೊಬ್ಬರಿಯನ್ನು ಸಣ್ಣಗೆ ಹೆಚ್ಚಿ ತುಪ್ಪದಲ್ಲಿ ಬಾಡಿಸಿ ಬಾಯಿಗಿಟ್ಟರೆ ಹತ್ತಿರ ಹತ್ತಿರ ಇದೇ ರುಚಿ.

ಶಕ್ತಿಗಾಗಿ ತಿನ್ನುತ್ತೇವೆ ಎನ್ನುವವರಿಗೆ ಒಂದು ಅಂಕಿ. ನೂರು ಗ್ರಾಂ ಶೇಂಗಾ ಕಾಳಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 49 ಗ್ರಾಂ ಕೊಬ್ಬು. ಅಷ್ಟೇ ಮೆಕಡೇಮಿಯಾದಲ್ಲಿ ಪ್ರೋಟೀನು 8 ಗ್ರಾಂ, ಕೊಬ್ಬು 75 ಗ್ರಾಂ ಆಸುಪಾಸು. ಆ ಕೊಬ್ಬು ಕೆಟ್ಟ ಜಾತಿಯದೇನಲ್ಲ, ಬಹುಪಾಲು ಆಲಿವ್ ಎಣ್ಣೆಯಲ್ಲಿರುವ ಬಗೆಯದು. ಆದರೆ ಗರಡಿಗೆ ಹೋಗುವ ಹುಡುಗನಿಗೆ ಮೆಕಡೇಮಿಯಾ ತಿನ್ನಿಸಿ ಶೇಂಗಾ ಮಾರುವುದು ಬುದ್ಧಿವಂತಿಕೆಯಲ್ಲ. ಬಡವರ ಬಾದಾಮಿ ಎಂದು ಶೇಂಗಾಕ್ಕೆ ಬಿರುದು ಕೊಟ್ಟವರು ಇದನ್ನು ತೂಗಿ ನೋಡಿದ್ದರೆ ಬಿರುದು ತಿರುವಿ ಹಾಕುತ್ತಿದ್ದರೋ ಏನೋ.

ಎಚ್ಚರಿಕೆಗಳು

ನಾಯಿಗೆ ಹಾಕಬೇಡಿ. ಇದು ತಮಾಷೆಯಲ್ಲ. ಮೆಕಡೇಮಿಯಾ ತಿಂದ ನಾಯಿಗೆ ಹಿಂಗಾಲು ಸೋತು, ನಡುಕ ಬಂದು, ವಾಂತಿಯಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ, ಆದರೂ ಪಶುವೈದ್ಯರನ್ನು ಕೇಳಬೇಕು. ಬೀಜ ಒಗ್ಗದ ಮಕ್ಕಳಿದ್ದರೆ ಮೈ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬರಬಹುದು, ಅಂಥವರಿಗೆ ವೈದ್ಯರನ್ನು ಕೇಳದೆ ಚೂರನ್ನೂ ಕೊಡಬೇಡಿ. ತೀರಾ ಪುಟ್ಟ ಮಕ್ಕಳ ಕೈಗೆ ಇಡೀ ಬೀಜ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಬೂಸ್ಟು ಹಿಡಿದ ಬೀಜ, ಅದು ಯಾವ ದೇಶದ್ದಾಗಲಿ, ತೊಳೆದು ಹುರಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಬಿಡಿ. ಕಡೆಗಾಲದಲ್ಲಿ ಮಳೆ ಕೈಕೊಟ್ಟ ವರ್ಷ ಶೇಂಗಾಕ್ಕೆ ಬರುವ ಹಸಿರು ಬೂಸ್ಟು ಬಿಡುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಹೊಲದಲ್ಲಿ ನೆಡಬಹುದೇ

ಈ ಪ್ರಶ್ನೆ ಬರದೆ ತುರುವನೂರಿನಲ್ಲಿ ಯಾವ ಕೈಪಿಡಿಯೂ ಮುಗಿಯುವುದಿಲ್ಲ. ಮರಕ್ಕೂ ಊರಿಗೂ ಇರುವ ಸಂಬಂಧ ಹಳೆಯದು. 1939ರ ಸತ್ಯಾಗ್ರಹದಲ್ಲಿ ಹೆಂಡಕ್ಕೆ ಬಳಸುವ ಈಚಲು ಮರಗಳಿಗೆ ಕೊಡಲಿ ಹಾಕಿ ಹೆಸರಾದ ಊರು ಇದು, ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರ ಹೆಸರೂ ಆ ಚಳವಳಿಯ ಜೊತೆಗಿದೆ. ಕಡಿದದ್ದಕ್ಕೆ ಇತಿಹಾಸದಲ್ಲಿ ಜಾಗ ಸಿಕ್ಕಿತು. ನೆಟ್ಟದ್ದಕ್ಕೆ ಸಿಗುತ್ತದೋ ನೋಡೋಣ ಎನ್ನುವವರಿಗೆ ಉತ್ತರ: ಮೆಕಡೇಮಿಯಾಕ್ಕೆ ಸಾವಿರ ಮಿಲಿಮೀಟರಿಗೆ ಮೇಲ್ಪಟ್ಟ ಮಳೆ ಬೇಕು. ನಮಗೆ ಬರುವುದು ಅದರ ಅರ್ಧದ ಲೆಕ್ಕ, ಅದೂ ಬಂದ ವರ್ಷ. ಕಸಿ ಗಿಡಕ್ಕೂ ಮೊದಲ ಕಾಯಿಗೆ ನಾಲ್ಕೈದು ವರ್ಷ ಬೇಕು. ಬೀಜದ ಗಿಡವಾದರೆ ಏಳೆಂಟು ವರ್ಷವೂ ಆದೀತು.

ಕಾಯುವುದು ಮಾತ್ರ ನಮಗೆ ಕಷ್ಟವಲ್ಲ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದಾಗ ಪಟಾಕಿ ಹೊಡೆದವರು ಈಗಲೂ ಕಾಲುವೆಯ ಕಡೆ ನೋಡುತ್ತಿದ್ದಾರೆ. ಆ ನೀರು ಬಂದ ದಿನ ಗಿಡ ನೆಡಿ, ಅಲ್ಲಿಯವರೆಗೆ ಹೊಂಡ ತೋಡಿಟ್ಟರೆ ಮೇಕೆ ಬೀಳುತ್ತದೆ.

ದೋಷ ನಿವಾರಣೆ

ಬೀಜ ಮೆತ್ತಗಾಗಿದೆ: ಗಾಳಿಯ ತೇವ ಹೀರಿದೆ. ಸಣ್ಣ ಉರಿಯಲ್ಲಿ ಮತ್ತೊಮ್ಮೆ ಬಿಸಿ ಮಾಡಿ, ಗಾಜಿನ ಶೀಶೆಗೆ ಹಾಕಿ ಬಿಗಿ ಮುಚ್ಚಳ ಹಾಕಿ. ಬೇಸಗೆಯಲ್ಲಿ ಫ್ರಿಜ್ಜಿನಲ್ಲಿಡಿ. ಕರೆಂಟ್ ಹೋಗಿ ಬಂದು ಮಾಡುವ ಊರಾದ್ದರಿಂದ ನೆಚ್ಚಿಕೊಳ್ಳದೆ ಬೇಗ ತಿಂದು ಮುಗಿಸಿ.

ಎಣಿಸಿಟ್ಟ ಬೀಜ ಕಡಿಮೆಯಾಗಿದೆ: ಇಲಿ ಇರಬಹುದು. ಆಸ್ಟ್ರೇಲಿಯಾದ ತೋಟಗಳಲ್ಲೂ ಇಲಿ ಈ ಕರಟವನ್ನೇ ಕೊರೆದು ತಿನ್ನುತ್ತದೆ. ಆದರೆ ಇಲಿ ಡಬ್ಬಿಯ ಮುಚ್ಚಳ ಮತ್ತೆ ಹಾಕುವುದಿಲ್ಲ.

ಕರಟ ರಾಶಿ ಬಿದ್ದಿದೆ: ನೀರೊಲೆಗೆ ಹಾಕಿ. ಶೇಂಗಾ ಸಿಪ್ಪೆ ಭುಗ್ಗೆಂದು ಉರಿದು ಆರುತ್ತದೆ, ಇದು ಕೆಂಡವಾಗಿ ಹೊತ್ತು ನಿಲ್ಲುತ್ತದೆ. ಕಿಲೋಗೆ 1,200 ಕೊಟ್ಟ ಸೌದೆ, ಆ ದಿನ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳಿ.

ಕೀಲಿ ಕಳೆದುಹೋಗಿದೆ: ಚಪ್ಪಟೆ ತುದಿಯ ಸ್ಕ್ರೂಡ್ರೈವರ್ ಅದೇ ಕೆಲಸ ಮಾಡುತ್ತದೆ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮೇಲೆ ಒಂದು ಇದ್ದೇ ಇರುತ್ತದೆ. ತೊಳೆದು ಬಳಸಿ, ರಾತ್ರಿ ತ್ರೀಫೇಸ್ ಕರೆಂಟ್ ಬರುವುದರೊಳಗೆ ಇದ್ದ ಜಾಗದಲ್ಲೇ ಇಡಿ.